ಮೈನಸ್ 15ರ ಗಾಳಿಯಲ್ಲಿ ಹೆಲಿಕಾಪ್ಟರ್

ರೇಡಿಯೋ ಕಂಟ್ರೋಲ್ ಹೆಲಿಕಾಪ್ಟರ್ ಹಾರಿಸುವವರಿಗೆ ವರ್ಷದಲ್ಲೇ ಒಳ್ಳೆಯ ಕಾಲ ಚಳಿಗಾಲ. ಅಮೆರಿಕದ ಉತ್ತರದ ಮಿನೆಸೋಟ ರಾಜ್ಯದಲ್ಲಿ ಕೂತು ಈ ಮಾತು ಹೇಳುತ್ತಿದ್ದೇನೆ. ಜನವರಿಯಲ್ಲಿ ಹಾಡಹಗಲೇ ಮೈನಸ್ 15 ಡಿಗ್ರಿ ಸೆಲ್ಸಿಯಸ್ ಇರೋದು ಇಲ್ಲಿ ದೊಡ್ಡ ಸುದ್ದಿಯೇನಲ್ಲ, ರಾತ್ರಿ ಮೈನಸ್ 25ರ ಕೆಳಗೆ ಹೋದರೆ ಆಗ ಜನ ಸ್ವಲ್ಪ ಮಾತಾಡಿಕೊಳ್ಳುತ್ತಾರೆ. ನವೆಂಬರ್ ಬಂತೆಂದರೆ ನಮ್ಮ ಕ್ಲಬ್ಬಿನ ಬಹಳಷ್ಟು ಮಂದಿ ಮೆಷಿನ್ನುಗಳನ್ನು ಬೇಸ್‌ಮೆಂಟಿಗೆ ಇಳಿಸಿಬಿಡುತ್ತಾರೆ. ಏಪ್ರಿಲ್ ತನಕ ಕಂಪ್ಯೂಟರಿನ ಸಿಮ್ಯುಲೇಟರೇ ಗತಿ. ಅವರವರ ಇಷ್ಟ ಅನ್ನಿ. ಆದರೆ ಈ ಐದು ತಿಂಗಳಲ್ಲಿ ಸಿಗುವಂಥ ಗಾಳಿ ಬೇಸಿಗೆಯಲ್ಲಿ ಹುಡುಕಿದರೂ ಸಿಗೋದಿಲ್ಲ, ಅದನ್ನು ಯಾಕೆ ಕಳೆದುಕೊಳ್ಳುತ್ತಾರೋ ಅಂತ ಪ್ರತಿ ವರ್ಷ ನನಗೆ ಬೇಜಾರಾಗುತ್ತದೆ.

ದಾವಣಗೆರೆಯಲ್ಲಿರುವ ಅಕ್ಕನ ಮಗ ಈಗೀಗ ಹೆಲಿಕಾಪ್ಟರ್ ಕಲಿಯುತ್ತಿದ್ದಾನೆ. ವಿಡಿಯೋ ಕಾಲ್‌ನಲ್ಲಿ ಹಿಮದ ನಡುವೆ ನಿಂತ ಮೆಷಿನ್ ನೋಡಿ, "ಮಾಮ, ಅಷ್ಟು ಚಳೀಲಿ ಬ್ಯಾಟರಿ ಕೆಲಸ ಮಾಡುತ್ತಾ? ನಿನ್ನ ಕೈಯಾದ್ರೂ ಕೆಲಸ ಮಾಡುತ್ತಾ?" ಅಂತ ಕೇಳಿದ. ಸರಿಯಾದ ಪ್ರಶ್ನೆಗಳೇ. ಎರಡಕ್ಕೂ ಫೋನಿನಲ್ಲಿ ಅರೆಬರೆ ಉತ್ತರ ಕೊಟ್ಟೆ. ಪೂರ್ತಿ ಉತ್ತರ ಉದ್ದ ಇದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಚಿಕ್ಕದಾಗಿ ಹೇಳೋದಾದರೆ, ಚಳಿಯಲ್ಲಿ ಹಾರಿಸುವಾಗ ಕೆಲವನ್ನು ಬೆಚ್ಚಗೆ ಇಟ್ಟುಕೊಳ್ಳಬೇಕು, ಕೆಲವನ್ನು ಬೇಕಂತಲೇ ತಣ್ಣಗಾಗಲು ಬಿಡಬೇಕು. ಯಾವುದು ಯಾವುದು ಅಂತ ಗೊತ್ತಿರಬೇಕು, ಅಷ್ಟೇ.

ಮೊದಲು ಗಾಳಿಯ ಮಾತು, ಯಾಕೆಂದರೆ ಈ ಕಷ್ಟವೆಲ್ಲಾ ಪಡೋದೇ ಅದಕ್ಕಾಗಿ.

ನಾನು ಹಾರಿಸಲು ಕಲಿತದ್ದು ಬೆಂಗಳೂರಿನ ಹೊರಗೆ, ಮನೆಗಳು ಇನ್ನೂ ಏಳದ ಒಂದು ಲೇಔಟಿನಲ್ಲಿ. ಬೆಂಗಳೂರು ಇರೋದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳು, ಬಿಸಿಯಾದರೆ ಇನ್ನೂ ತೆಳು. 28 ಡಿಗ್ರಿಯ ಒಂದು ಮಧ್ಯಾಹ್ನ ಅಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚುಕಡಿಮೆ 1.05 ಕೆಜಿ ತೂಗುತ್ತದೆ. ಮಿನಿಯಾಪೊಲಿಸ್ ಸುತ್ತಮುತ್ತ ನೆಲದ ಎತ್ತರ 250 ಮೀಟರ್ ಆಸುಪಾಸು. ಮೈನಸ್ 15ರಲ್ಲಿ ಇಲ್ಲಿ ಅಷ್ಟೇ ಜಾಗದ ಗಾಳಿ 1.33 ಕೆಜಿ. ಅಂದರೆ ಕಾಲುಭಾಗಕ್ಕಿಂತ ಜಾಸ್ತಿ ಗಾಳಿ, ಅದೇ ಬ್ಲೇಡಿಗೆ! ಬೆಂಗಳೂರಿನಲ್ಲಿ ಹೆಲಿಕಾಪ್ಟರ್ ನೆಲ ಬಿಡಲು ಪಿಚ್ ಸ್ಟಿಕ್ಕನ್ನು, ಅಂದರೆ ಬ್ಲೇಡಿನ ಓರೆ ಹೆಚ್ಚುಕಡಿಮೆ ಮಾಡುವ ಕಡ್ಡಿಯನ್ನು, ಎಲ್ಲಿಯವರೆಗೆ ತಳ್ಳಬೇಕಿತ್ತು ಅನ್ನೋದು ನನ್ನ ಬೆರಳಿಗೆ ಇನ್ನೂ ನೆನಪಿದೆ. ಇಲ್ಲಿ ಅದಕ್ಕಿಂತ ಮುಂಚೆಯೇ ಅದು ಎದ್ದು ನಿಂತಿರುತ್ತದೆ. ಒಂದೇ ಕಡೆ ನಿಲ್ಲಿಸಿ ಹೋವರ್ ಮಾಡುವಾಗ ಮೆಷಿನ್ ನಿರಾಳವಾಗಿರುತ್ತದೆ, ಬ್ಲೇಡಿನ ಸದ್ದು ಕೂಡ ಬೇರೆ. ಮೋಟಾರ್ ನಿಲ್ಲಿಸಿ, ಸುತ್ತುತ್ತಿರುವ ಬ್ಲೇಡುಗಳ ಬಲದಲ್ಲೇ ಇಳಿಸುವ ಆಟೋರೊಟೇಷನ್ ಕಲಿಯುವವರಿಗಂತೂ ಇದಕ್ಕಿಂತ ಒಳ್ಳೆ ಗಾಳಿ ಬೇಡ. ಇಳಿಯುವ ವೇಗ ಕಡಿಮೆ, ಕೊನೆಯಲ್ಲಿ ಪಿಚ್ ಎತ್ತಿದಾಗ ಕೈಗೆ ಸಿಗುವ ಬಲ ಜಾಸ್ತಿ.

ಗಾಳಿ ದಪ್ಪ ಅನ್ನೋದಕ್ಕಿಂತ ನನಗೆ ಇಷ್ಟವಾಗೋದು ಅದು ನಿಂತಿರೋದು. ಬೇಸಿಗೆಯ ಮಧ್ಯಾಹ್ನ ಇಲ್ಲಿಯ ಹೊಲಗಳು ಕಾದು ಬಿಸಿಗಾಳಿ ಗುಳ್ಳೆಗಳಾಗಿ ಮೇಲೇಳುತ್ತದೆ, ಮೂರು ಕೆಜಿಯ ಹೆಲಿಕಾಪ್ಟರ್ ಅದರಲ್ಲಿ ಒದ್ದಾಡುತ್ತದೆ. ಹಿಮ ಮುಚ್ಚಿದ ನೆಲ ಬಿಸಿಲನ್ನು ಹೀರಿಕೊಳ್ಳೋದಿಲ್ಲ, ವಾಪಸ್ ಕಳಿಸುತ್ತದೆ. ಹಾಗಾಗಿ ನೆಲ ಕಾಯೋದಿಲ್ಲ, ಗಾಳಿ ಏಳೋದಿಲ್ಲ. ಹಿಮದ ಮಾರುತ ಒಂದು ದಾಟಿಹೋಗಿ, ಆಕಾಶ ತಿಳಿಯಾಗಿ, ತಾಪಮಾನ ಧಡ್ ಅಂತ ಬಿದ್ದ ಮಾರನೇ ದಿನವೋ ಅದರ ಮಾರನೇ ದಿನವೋ ಬೆಳಿಗ್ಗೆ ಹೋಗಿ ನೋಡಿ. ಚಿಮಣಿಗಳ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿರುತ್ತದೆ. ಅಂಥ ದಿನ ಮೆಷಿನ್ ಏನಾದರೂ ಅಲುಗಾಡಿದರೆ ಅದು ನಿಮ್ಮ ಬೆರಳು ಅಲುಗಾಡಿಸಿದ್ದು, ಗಾಳಿ ಅಲ್ಲ. ಕಲಿಯೋದಕ್ಕೆ ಇದಕ್ಕಿಂತ ಸ್ಪಷ್ಟವಾದ ಮೇಷ್ಟ್ರು ಎಲ್ಲಿ ಸಿಗುತ್ತಾರೆ?

ಆದರೆ ಈ ದಪ್ಪ ಗಾಳಿಗೆ ಇನ್ನೊಂದು ಮುಖವೂ ಇದೆ. ನಿಧಾನವಾಗಿ ಹಾರಿಸುವಾಗ ಲಾಭ. ಪೂರ್ತಿ ಪಿಚ್ ಕೊಟ್ಟು ನೇರ ಮೇಲೆ ಎಬ್ಬಿಸಿದಾಗ ಬ್ಲೇಡು ಅಷ್ಟೂ ಗಾಳಿಯನ್ನು ತಳ್ಳಬೇಕಲ್ವಾ? ಬ್ಲೇಡಿನ ಸುತ್ತನ್ನು ಒಂದೇ ಸಮ ಇಡುವ ಗವರ್ನರ್ ಅದು ಕಡಿಮೆಯಾಗಲು ಬಿಡೋದಿಲ್ಲ, ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಅದೇ ಹೊತ್ತಿಗೆ ಚಳಿಯಿಂದ ಬ್ಯಾಟರಿ ಕರೆಂಟ್ ಕೊಡಲು ಹಿಂಜರಿಯುತ್ತಿರುತ್ತದೆ. ಕೇಳುವವನು ಜಾಸ್ತಿ ಕೇಳುತ್ತಾನೆ, ಕೊಡುವವನ ಕೈ ಬಿಗಿ. ಚಳಿಗಾಲದಲ್ಲಿ ಮೆಷಿನ್ ಇದ್ದಕ್ಕಿದ್ದಂತೆ ಸೊರಗಿ ಕೆಳಗೆ ಬರೋದಕ್ಕೆ ಬಹಳ ಸಲ ಇದೇ ಕಾರಣ. ಚಳಿಗಾಲದಲ್ಲಿ ನಾನು ರೋಟರಿನ ಸುತ್ತನ್ನು ಸ್ವಲ್ಪ ಇಳಿಸುತ್ತೇನೆ, ನಿಮಿಷಕ್ಕೆ 2,100 ಇದ್ದದ್ದನ್ನು 1,900ಕ್ಕೆ ತರುತ್ತೇನೆ. ಗಾಳಿ ದಪ್ಪ ಇರೋದರಿಂದ ಅಷ್ಟೇ ಸಾಕಾಗುತ್ತದೆ.

ಈಗ ಬ್ಯಾಟರಿ. ನನ್ನದು 550 ಸೈಜಿನ ಹೆಲಿಕಾಪ್ಟರ್ (ಒಂದೊಂದು ಬ್ಲೇಡು ಸುಮಾರು 550 ಮಿಲಿಮೀಟರ್ ಉದ್ದ), ಆರು ಸೆಲ್ಲಿನ 5,000 ಎಂಎಎಚ್ ಲೈಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ, ಹಾಕುತ್ತೇನೆ. ಲೈಪೋ ಒಳಗೆ ಲಿಥಿಯಂ ಅಯಾನುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡಬೇಕು. ಚಳಿಯಲ್ಲಿ ಆ ಓಡಾಟ ನಿಧಾನ ಆಗುತ್ತದೆ, ಒಳಗಿನ ರೆಸಿಸ್ಟೆನ್ಸ್ ಏರುತ್ತದೆ. ಕೋಣೆಯ ಶಾಖದಲ್ಲಿ ಇದ್ದದ್ದಕ್ಕಿಂತ ಶೂನ್ಯ ಡಿಗ್ರಿಯಲ್ಲಿ ಅದು ಎರಡು ಪಟ್ಟು, ಒಮ್ಮೊಮ್ಮೆ ಅದಕ್ಕಿಂತಲೂ ಜಾಸ್ತಿ. ಮೀಟರ್ ಹಿಡಿದು ನೋಡಿದರೆ ಒಂದೊಂದು ಸೆಲ್ಲೂ 4.2 ವೋಲ್ಟ್ ತೋರಿಸುತ್ತದೆ, ಪೂರ್ತಿ ಚಾರ್ಜ್ ಆಗಿದೆ ಅಂತ ಖುಷಿಯಾಗುತ್ತದೆ. ಮೆಷಿನ್ ಎದ್ದು ಒಂದು ಸಲ ಜೋರಾಗಿ ಪಿಚ್ ಕೊಟ್ಟ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಸ್ಪೀಡ್ ಕಂಟ್ರೋಲರ್ ಬ್ಯಾಟರಿ ಖಾಲಿಯಾಯಿತು ಅಂದುಕೊಂಡು ಮೋಟಾರ್ ಕಡಿಮೆ ಮಾಡುತ್ತದೆ. ಚಾರ್ಜ್ ಒಳಗೇ ಇರುತ್ತದೆ, ಹೊರಗೆ ಬರೋದಿಲ್ಲ.

ಪರಿಹಾರ ಸುಲಭ, ತಾಳ್ಮೆ ಬೇಕು. ಹಾರಿಸುವ ಮುಂಚೆ ಬ್ಯಾಟರಿ 30ರಿಂದ 35 ಡಿಗ್ರಿ ಇರಬೇಕು, ಕೈಯಲ್ಲಿ ಹಿಡಿದರೆ ಹಿತವಾಗಿ ಬೆಚ್ಚಗಿರಬೇಕು. ಕಾರಿನ 12 ವೋಲ್ಟಿಗೆ ಚುಚ್ಚುವ, ಶಾಖ ಇಷ್ಟೇ ಇರಲಿ ಅಂತ ಸೆಟ್ ಮಾಡಬಹುದಾದ ಬ್ಯಾಟರಿ ಬ್ಯಾಗುಗಳು ಸಿಗುತ್ತವೆ. ಅದಿಲ್ಲದಿದ್ದರೂ ನಡೆಯುತ್ತದೆ. ಊಟದ ಡಬ್ಬಿ ಒಯ್ಯುವ ದಪ್ಪ ಬ್ಯಾಗಿನಲ್ಲಿ ಬಿಸಿನೀರಿನ ಸ್ಟೀಲ್ ಬಾಟಲಿ ಇಟ್ಟು, ನಡುವೆ ಒಂದು ಟವೆಲ್ ಹಾಕಿ, ಪಕ್ಕಕ್ಕೆ ಬ್ಯಾಟರಿ ಮಲಗಿಸಿದರೆ ಬೆಳಗಿನ ಹೊತ್ತು ಪೂರ್ತಿ ಬೆಚ್ಚಗಿರುತ್ತದೆ. ಹೇರ್ ಡ್ರೈಯರ್, ಹೀಟರಿನ ಎದುರು ಹಿಡಿಯೋದು, ಇವೆಲ್ಲಾ ಬೇಡ. ಲೈಪೋ ಒಂದು ಕಡೆ ಮಾತ್ರ ಜಾಸ್ತಿ ಕಾದರೆ ಅಪಾಯ. ಮೆಷಿನ್ನಿಗೆ ಹಾಕಿದ ಮೇಲೆ ತಡ ಮಾಡಬಾರದು. ಮೊದಲ ಒಂದು ನಿಮಿಷ ಸುಮ್ನೆ ಹೋವರ್ ಮಾಡಿ, ಕರೆಂಟ್ ಹರಿದಾಗ ಬ್ಯಾಟರಿ ತನ್ನಷ್ಟಕ್ಕೆ ತಾನೇ ಬಿಸಿಯಾಗುತ್ತದೆ. ಆಮೇಲೆ ಅದನ್ನು ಬಿಸಿಯಾಗಿಯೇ ಇಡೋದು ನಿಮ್ಮ ಹಾರಾಟದ ಕೆಲಸ. ನಡುವೆ ಇಳಿಸಿ ಹತ್ತು ನಿಮಿಷ ಹರಟೆ ಹೊಡೆದು ಮತ್ತೆ ಅದೇ ಬ್ಯಾಟರಿಯಲ್ಲಿ ಎಬ್ಬಿಸುವ ಬೇಸಿಗೆಯ ಅಭ್ಯಾಸ ಇಲ್ಲಿ ನಡೆಯೋದಿಲ್ಲ. ಟೈಮರನ್ನೂ ಒಂದು ನಿಮಿಷ ಕಡಿಮೆ ಮಾಡಿಟ್ಟುಕೊಳ್ಳಿ.

ಬ್ಯಾಟರಿ ಬೆಚ್ಚಗಿಡುವ ಚಿಂತೆ ಬಂದಾಗಲೆಲ್ಲಾ ನನಗೆ ನೆನಪಾಗೋದು ಮಂಗಳ ಗ್ರಹದಲ್ಲಿ ಹಾರಿದ ನಾಸಾದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯುಟಿ. ಅದರ ರೋಟರಿನ ಅಗಲ 1.2 ಮೀಟರ್, ಹೆಚ್ಚುಕಡಿಮೆ ನನ್ನ ಹೆಲಿಕಾಪ್ಟರಿನಷ್ಟೇ! ತೂಕ 1.8 ಕೆಜಿ. ಅದನ್ನು ಕಟ್ಟಿದ ತಂಡದ ಮುಖ್ಯ ಎಂಜಿನಿಯರ್ ಬಾಬ್ ಬಲರಾಮ್, ಮದ್ರಾಸ್ ಐಐಟಿಯಲ್ಲಿ ಓದಿದವರು. 2021ರ ಏಪ್ರಿಲ್ 19ರಂದು ಅದು ಮೊದಲ ಸಲ ಎದ್ದಾಗ ನಮ್ಮ ಹವ್ಯಾಸದವರಿಗೆ ಆದ ಸಂತೋಷವೇ ಬೇರೆ. ಅಲ್ಲಿ ಗಾಳಿ ಇಲ್ಲಿಯದರ ನೂರರಲ್ಲಿ ಒಂದು ಪಾಲು, ಅದಕ್ಕೇ ಬ್ಲೇಡು ನಿಮಿಷಕ್ಕೆ 2,400ಕ್ಕೂ ಜಾಸ್ತಿ ಸುತ್ತಬೇಕಿತ್ತು. ಸಿಗ್ನಲ್ ಹೋಗಲು ನಿಮಿಷಗಟ್ಟಲೆ ಹಿಡಿಯುವುದರಿಂದ ಸ್ಟಿಕ್ಕಿನಲ್ಲಿ ಹಾರಿಸುವ ಮಾತೇ ಇಲ್ಲ, ಎಲ್ಲಾ ಮೊದಲೇ ಬರೆದು ಕಳಿಸಿದ ಆದೇಶದಂತೆ. ಆದರೆ ಚಳಿಯ ಲೆಕ್ಕ ನೋಡಿ. ರಾತ್ರಿ ಮೈನಸ್ 90. ಸೋಲಾರ್ ಪ್ಯಾನೆಲ್ ದುಡಿದ ಶಕ್ತಿಯ ದೊಡ್ಡ ಪಾಲು ಹೋಗುತ್ತಿದ್ದದ್ದು ಹಾರಾಟಕ್ಕಲ್ಲ, ಆರು ಲಿಥಿಯಂ ಸೆಲ್ಲುಗಳನ್ನೂ ಎಲೆಕ್ಟ್ರಾನಿಕ್ಸನ್ನೂ ರಾತ್ರಿ ಕಳೆಯುವವರೆಗೆ ಬೆಚ್ಚಗಿಡೋದಕ್ಕೆ. 2022ರ ಮೇ ತಿಂಗಳಲ್ಲಿ, ಅಲ್ಲಿಯ ಚಳಿಗಾಲ ಬರುವ ಹೊತ್ತಿಗೆ, ಧೂಳು ಜಾಸ್ತಿಯಾಗಿ ಚಾರ್ಜ್ ಸಾಲದೆ ರಾತ್ರಿ ಬ್ಯಾಟರಿ ಇಳಿದುಹೋಯಿತು, ಗಡಿಯಾರ ತಪ್ಪಿತು, ಎರಡು ದಿನ ಸಂಪರ್ಕವೇ ಇರಲಿಲ್ಲ. ಸಿಕ್ಕಿದ ಮೇಲೆ ಎಂಜಿನಿಯರುಗಳು ಒಂದು ಕಠಿಣ ನಿರ್ಧಾರ ಮಾಡಿದರು. ಮೈನಸ್ 15ಕ್ಕೆ ಇಳಿದಾಗ ಹೊತ್ತಿಕೊಳ್ಳುತ್ತಿದ್ದ ಹೀಟರ್ ಇನ್ನು ಮುಂದೆ ಮೈನಸ್ 40ರಲ್ಲಿ ಹೊತ್ತಿಕೊಳ್ಳಲಿ ಅಂತ. ಚಾರ್ಜ್ ಉಳಿಸಲು ಚಳಿಯನ್ನು ಒಳಗೆ ಬಿಟ್ಟರು. ಐದು ಸಲ ಹಾರಿದರೆ ಸಾಕು ಅಂತ ಕಳಿಸಿದ ಮೆಷಿನ್ 2024ರ ಜನವರಿ 18ರವರೆಗೆ 72 ಸಲ ಹಾರಿತು. ಯಾವುದನ್ನು ಎಷ್ಟು ಬೆಚ್ಚಗಿಡಬೇಕು ಅನ್ನೋ ಪ್ರಶ್ನೆಯನ್ನು ಅವರಷ್ಟು ಕಷ್ಟದಲ್ಲಿ ಎದುರಿಸಿದವರು ಇನ್ಯಾರಿದ್ದಾರೆ?

ಇನ್ನು ತಣ್ಣಗಾಗಲು ಬಿಡಬೇಕಾದ್ದು. ಅದರಲ್ಲಿ ಮೊದಲನೆಯದು ಗೈರೋ. ಈಗಿನ ಫ್ಲೈಬಾರ್‌ಲೆಸ್, ಅಂದರೆ ರೋಟರಿನ ಮೇಲೆ ಸಮತೋಲದ ಕಡ್ಡಿ ಇಲ್ಲದ, ಮೆಷಿನ್ನುಗಳಲ್ಲಿ ಸಣ್ಣ ಡಬ್ಬಿಯೊಂದರ ಒಳಗಿನ ಸೆನ್ಸರುಗಳೇ ಹೆಲಿಕಾಪ್ಟರನ್ನು ಸಮ ಇಡೋದು. ಬ್ಯಾಟರಿ ಚುಚ್ಚಿದ ಕೂಡಲೇ ಅದು "ನಾನೀಗ ಅಲುಗಾಡುತ್ತಿಲ್ಲ" ಅಂತ ತನ್ನ ಸೊನ್ನೆಯನ್ನು ಗುರುತು ಹಾಕಿಕೊಳ್ಳುತ್ತದೆ. ಆ ಸೊನ್ನೆ ತಾಪಮಾನದ ಜೊತೆ ಸ್ವಲ್ಪ ಸರಿಯುತ್ತದೆ. 22 ಡಿಗ್ರಿಯ ಕಾರಿನಿಂದ ತೆಗೆದು ತಕ್ಷಣ ಆನ್ ಮಾಡಿ ಮೈನಸ್ 15ರಲ್ಲಿ ಹಾರಿಸಿದರೆ ಬಾಲ ತಾನಾಗಿಯೇ ಮೆಲ್ಲಗೆ ಒಂದು ಕಡೆ ತಿರುಗುತ್ತಾ ಹೋಗಬಹುದು. ಹಳೆಯ ಗೈರೋಗಳಲ್ಲಿ ಇದು ಜೋರಾಗಿಯೇ ಇತ್ತು, ಈಗಿನವುಗಳಲ್ಲಿ ಕಡಿಮೆ, ಆದರೆ ಪೂರ್ತಿ ಹೋಗಿಲ್ಲ. ಹಾಗಾಗಿ ಮೆಷಿನ್ನನ್ನು ಬ್ಯಾಟರಿ ಇಲ್ಲದೆ ಕಾಲು ಗಂಟೆ ಹೊರಗೆ ನಿಲ್ಲಿಸಿ. ಬ್ಯಾಟರಿ ಬ್ಯಾಗಿನಲ್ಲಿ ಬೆಚ್ಚಗೆ, ಮೆಷಿನ್ ಹೊರಗೆ ಚಳಿಯಲ್ಲಿ. ಹೊಸಬರಿಗೆ ಇದು ವಿಚಿತ್ರ ಅನಿಸುತ್ತದೆ, ಯಾಕೆ ಅಂತ ಹೇಳಿದರೆ ಕೂಡಲೇ ಒಪ್ಪುತ್ತಾರೆ.

ರಬ್ಬರು, ಗ್ರೀಸು, ಪ್ಲಾಸ್ಟಿಕ್ ಇವುಗಳನ್ನು ಬೆಚ್ಚಗಿಡಲು ಆಗೋದೇ ಇಲ್ಲ, ಅವು ಚಳಿಯಲ್ಲಿ ಹೇಗೆ ಬದಲಾಗುತ್ತವೆ ಅಂತ ತಿಳಿದಿರಬೇಕು. ರೋಟರಿನ ತಲೆಯೊಳಗೆ ರಬ್ಬರಿನ ಡ್ಯಾಂಪರುಗಳಿವೆ, ಬ್ಲೇಡುಗಳಿಗೆ ಸ್ವಲ್ಪ ಓಲಾಡುವ ಅವಕಾಶ ಕೊಡುವವು. ಚಳಿಗೆ ಅವು ಗಟ್ಟಿಯಾಗುತ್ತವೆ, ಬೇಸಿಗೆಯಲ್ಲಿ ಬೆಣ್ಣೆಯಂತಿದ್ದ ಹೋವರಿನಲ್ಲಿ ಒಂದು ಸಣ್ಣ ನಡುಕ ಬರುತ್ತದೆ. ಮೆತ್ತಗಿನ ಡ್ಯಾಂಪರ್ ಹಾಕಿದರೆ ಸರಿಹೋಗುತ್ತದೆ, ಗೈರೋ ಗೇನ್, ಅಂದರೆ ಗೈರೋ ಎಷ್ಟು ಜೋರಾಗಿ ತಿದ್ದಬೇಕು ಅನ್ನೋದನ್ನು, ಸ್ವಲ್ಪ ಇಳಿಸಿದರೂ ಆಗುತ್ತದೆ. ಗ್ರೀಸಿನ ಕಥೆ ನಮಗೆಲ್ಲಾ ಗೊತ್ತಿರೋದೇ, ಡಿಸೆಂಬರಿನಲ್ಲಿ ಬಾಟಲಿಯಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯ ಹಾಗೆ. ಬೇರಿಂಗುಗಳಲ್ಲಿ ಅದು ಬರೀ ಎಳೆತ ಜಾಸ್ತಿ ಮಾಡುತ್ತದೆ, ಎರಡು ನಿಮಿಷ ತಿರುಗಿದರೆ ಸಡಿಲವಾಗುತ್ತದೆ. ತೊಂದರೆ ಇರೋದು ಒನ್-ವೇ ಬೇರಿಂಗಿನಲ್ಲಿ. ಮೋಟಾರಿನ ಬಲ ರೋಟರಿಗೆ ಹೋಗೋದು ಅದರ ಸಣ್ಣ ರೋಲರುಗಳು ಶಾಫ್ಟನ್ನು ಹಿಡಿದುಕೊಂಡಾಗ. ಗ್ರೀಸು ಗಟ್ಟಿಯಾದರೆ ರೋಲರುಗಳು ಹಿಡಿಯೋದು ತಡವಾಗುತ್ತದೆ, ಜಾರುತ್ತದೆ, ಮೋಟಾರ್ ಕಿರುಚುತ್ತದೆ, ರೋಟರ್ ಹಿಂದೆ ಬೀಳುತ್ತದೆ. ನವೆಂಬರಿನಲ್ಲೇ ಹಳೇ ಗ್ರೀಸನ್ನು ತೊಳೆದು ತೆಳುವಾದ ಎಣ್ಣೆ ಹಾಕಿ.

ಪ್ಲಾಸ್ಟಿಕ್ಕಿನ ಬಗ್ಗೆ ಒಂದೇ ಮಾತು, ಭಯ ಇರಲಿ. ನನ್ನ ಮೆಷಿನ್ನಿನ ಬ್ಲೇಡಿನ ತುದಿ ಗಂಟೆಗೆ 400 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ. ಅದನ್ನು ಹಿಡಿತದಲ್ಲಿಡೋದು ಹೆಬ್ಬೆರಳ ಉಗುರಿಗಿಂತ ಸಣ್ಣ ಪ್ಲಾಸ್ಟಿಕ್ ಲಿಂಕುಗಳು. ಚಳಿಯಲ್ಲಿ ಅವು ಪೆಡಸಾಗುತ್ತವೆ, ಬಾಗುವ ಬದಲು ಸೀಳುತ್ತವೆ. ಮುಖ್ಯ ಗೇರಿನ ಹಲ್ಲುಗಳೂ ಅಷ್ಟೇ. ಆದ್ದರಿಂದ ಹಳೆಯ ಲಿಂಕುಗಳೊಂದಿಗೆ ಚಳಿಗಾಲಕ್ಕೆ ಇಳಿಯಬೇಡಿ, ಮತ್ತು ದಯವಿಟ್ಟು ಲಿಂಕುಗಳನ್ನು ಮೈದಾನದಲ್ಲಿ ಕಳಚಿ ಹಾಕುವ ಕೆಲಸ ಬೇಡ, ಮನೆಯಲ್ಲೇ ಮಾಡಿ. ಹಾರಿಸುವಾಗ ಬೇಸಿಗೆಗಿಂತ ದೂರ ನಿಂತುಕೊಳ್ಳಿ.

ಬಾಲಕ್ಕೆ ಬೆಲ್ಟ್ ಇರುವ ಮೆಷಿನ್ನುಗಳಿಗೆ ಇನ್ನೊಂದು ತಾಪತ್ರಯ. ಇಲ್ಲಿಯ ಚಳಿಗಾಲದ ಗಾಳಿ ಒಣ ಒಣ, ಸ್ವೆಟರ್ ಬಿಚ್ಚಿದರೆ ಚಟಪಟ ಅನ್ನುತ್ತದಲ್ಲ, ಅದೇ ಸ್ಟ್ಯಾಟಿಕ್ ಬೆಲ್ಟಿನಲ್ಲೂ ಹುಟ್ಟಿ ಎಲೆಕ್ಟ್ರಾನಿಕ್ಸಿಗೆ ಚುರುಕ್ ಅನ್ನಿಸುತ್ತದೆ. ಬಾಲದ ಕೊಳವೆಯಿಂದ ಮೋಟಾರ್ ಕೂರುವ ಲೋಹದ ತಟ್ಟೆಗೆ ಒಂದು ವೈರ್ ಎಳೆದರೆ ಬಹುತೇಕ ಸರಿ. ಬ್ಯಾಟರಿ ಮೋಟಾರಿನ ಬದಲು ಮೆಥನಾಲಿನಲ್ಲಿ ಓಡುವ ಗ್ಲೋ ಎಂಜಿನ್ ಇಟ್ಟುಕೊಂಡವರ ಪಾಡು ಇನ್ನೂ ಬೇರೆ. ಮೆಥನಾಲ್ ಚಳಿಯಲ್ಲಿ ಬೇಗ ಆವಿಯಾಗೋದಿಲ್ಲ, ದಪ್ಪ ಗಾಳಿಗೆ ಇಂಧನವೂ ಜಾಸ್ತಿ ಬೇಕು. ನಮ್ಮ ಕ್ಲಬ್ಬಿನ ಹಿರಿಯರೊಬ್ಬರು ಇವತ್ತಿಗೂ ಅದನ್ನೇ ಹಾರಿಸುತ್ತಾರೆ, ಇಂಧನ ಬಿಡುವ ನೀಡಲನ್ನು ಸ್ವಲ್ಪ ತೆರೆದು, ಎಂಜಿನ್ ಬೆಚ್ಚಗಾಗುವವರೆಗೆ ಕಾದು. ಅವರ ಆ ಕಾಯುವಿಕೆ ನೋಡಿ ಕಲಿಯುವಂಥದ್ದು.

ಈಗ ಕೈ. ಅಕ್ಕನ ಮಗನ ಎರಡನೇ ಪ್ರಶ್ನೆ. ಹೆಲಿಕಾಪ್ಟರಿನ ಸ್ಟಿಕ್ಕಿನ ಮೇಲೆ ಬೆರಳು ಆಡೋದು ಒಂದೆರಡು ಮಿಲಿಮೀಟರಿನಲ್ಲಿ. ದಪ್ಪ ಗ್ಲೌಸಿನಲ್ಲಿ ಅದು ತಿಳಿಯೋದಿಲ್ಲ, ಬರಿಗೈ ಮೈನಸ್ 15ರಲ್ಲಿ ಸ್ವಲ್ಪ ಹೊತ್ತಿಗೇ ಮರಗಟ್ಟುತ್ತದೆ. ಇದಕ್ಕೆ ಟ್ರಾನ್ಸ್‌ಮಿಟರ್ ಮಿಟ್ ಅಂತ ಒಂದು ಚೀಲ ಬರುತ್ತದೆ. ರೇಡಿಯೋ ಅದರೊಳಗೆ, ಎರಡೂ ಕೈ ಪಕ್ಕದಿಂದ ಒಳಗೆ, ಮೇಲೆ ನೋಡಲು ಪಾರದರ್ಶಕ ಕಿಟಕಿ. ಒಳಗೆ ಕಬ್ಬಿಣದ ಪುಡಿ ತುಂಬಿದ ಎರಡು ಸಣ್ಣ ಬಿಸಿ ಪೊಟ್ಟಣ ಇಟ್ಟರೆ, ಗಾಳಿ ತಾಗಿ ಕಬ್ಬಿಣ ತುಕ್ಕು ಹಿಡಿಯುವಾಗ ಹುಟ್ಟುವ ಶಾಖದಲ್ಲಿ ಬೆರಳು ಗಂಟೆಗಟ್ಟಲೆ ಬದುಕಿರುತ್ತದೆ. ರೇಡಿಯೋಗೂ ಒಳ್ಳೆಯದು, ಅದರ ಪರದೆ ಚಳಿಯಲ್ಲಿ ಮಂದವಾಗೋದು ತಪ್ಪುತ್ತದೆ. ಮುಖ್ಯವಾದ ಮಾತು ಇಷ್ಟು: ಸ್ಟಿಕ್ಕಿನ ತುದಿಯ ಗೀರುಗಳು ಬೆರಳಿಗೆ ತಿಳಿಯದಾದ ಕೂಡಲೇ ಇಳಿಸಿ. ಬ್ಯಾಟರಿಯಲ್ಲಿ ಇನ್ನೂ ಎಷ್ಟಿದೆ ಅಂತ ಆಗ ನೋಡಬೇಡಿ. ಮರಗಟ್ಟಿದ ಬೆರಳು ತಾನು ಮರಗಟ್ಟಿದೆ ಅಂತ ಹೇಳೋದಿಲ್ಲ.

ಕಣ್ಣಿಗೂ ಕಷ್ಟವಿದೆ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ನಡುಹಗಲ ಸೂರ್ಯ ದಿಗಂತದಿಂದ ಮೇಲೆ ಏರೋದೇ 22 ಡಿಗ್ರಿ ಕೋನದಷ್ಟು, ಬೆಂಗಳೂರಿನಲ್ಲಿ ಅದೇ ಹೊತ್ತಿಗೆ 53ರ ಮೇಲೆ ಇರುತ್ತಾನೆ. ಇಡೀ ದಿನ ಸೂರ್ಯ ಕಣ್ಣಿನ ಮಟ್ಟದಲ್ಲೇ, ಜೊತೆಗೆ ಹಿಮದ ಪ್ರತಿಫಲನ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಲ್ಲಿ. ಮೋಡದ ದಿನವಾದರೆ ಮೇಲೂ ಬಿಳಿ, ಕೆಳಗೂ ಬಿಳಿ, ಮೆಷಿನ್ನಿನ ಮುಖ ಯಾವ ಕಡೆ ಅಂತ ಗೊತ್ತಾಗೋದು ಕಷ್ಟ. ಮೆಷಿನ್ನಿನ ಮುಂದಿನ ಹೊದಿಕೆ, ಅಂದರೆ ಕ್ಯಾನೊಪಿ, ಕಣ್ಣು ಕುಕ್ಕುವ ಕಿತ್ತಳೆಯೋ ಹಳದಿಯೋ ಇರಲಿ, ಅಂದ ಆಮೇಲೆ.

ಹೊಸ ಹಿಮದಿಂದ ನೇರ ಎಬ್ಬಿಸಬೇಡಿ. ರೋಟರಿನ ಗಾಳಿಗೆ ಹಿಮದ ಪುಡಿ ಎದ್ದು ಮೆಷಿನ್ನೇ ಕಾಣದಂತಾಗುತ್ತದೆ, ಆ ಪುಡಿ ಬಿಸಿ ಮೋಟಾರಿನ ಮೇಲೆ ಕೂತು ನೀರಾಗುತ್ತದೆ. ಒಂದು ಪ್ಲೈವುಡ್ ಹಲಗೆ ಒಯ್ದರೆ ಸಾಕು. ದೊಡ್ಡ ಹೆಲಿಕಾಪ್ಟರುಗಳು ಹಿಮದಲ್ಲಿ ಹೂತುಹೋಗದಂತೆ ಕಾಲಿಗೆ ಅಗಲ ತಟ್ಟೆ ಕಟ್ಟಿಕೊಳ್ಳುತ್ತವೆ, ಅದನ್ನೇ ನಕಲು ಮಾಡಿದವರೂ ನಮ್ಮಲ್ಲಿದ್ದಾರೆ. ಹೆಪ್ಪುಗಟ್ಟಿದ ಕೆರೆ ಸಿಕ್ಕರೆ ಅದಕ್ಕಿಂತ ಒಳ್ಳೆ ಮೈದಾನವಿಲ್ಲ, ಮರ ಇಲ್ಲ, ತಂತಿ ಇಲ್ಲ. ನಡೆಯಲು ಕನಿಷ್ಠ 4 ಅಂಗುಲ ಮಂಜುಗಡ್ಡೆ ಇರಬೇಕು ಅಂತ ಮಿನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ, ಮೀನು ಹಿಡಿಯುವವರನ್ನು ಕೇಳಿದರೆ ಅಳತೆ ಹೇಳುತ್ತಾರೆ. ಜನವರಿ 1ರಂದು ಸೇರಿ ಹಾರಿಸುವ ಪದ್ಧತಿ ಅಮೆರಿಕದ ಅನೇಕ ಕ್ಲಬ್ಬುಗಳಲ್ಲಿದೆ, ಹೊಸಬರಿಗೆ ಒಳ್ಳೆಯ ಶುರು.

ಮನೆಗೆ ಬಂದ ಮೇಲೂ ಕೆಲಸ ಮುಗಿದಿರೋದಿಲ್ಲ. ಮೈನಸ್ 15ರ ಮೆಷಿನ್ನನ್ನು ಅಡುಗೆಮನೆಯ ಹಬೆ ತುಂಬಿದ ಬೆಚ್ಚಗಿನ ಮನೆಯೊಳಗೆ ತಂದು ಬಿಚ್ಚಿಟ್ಟರೆ ಮೈಯೆಲ್ಲಾ ನೀರು ಬೆವರುತ್ತದೆ, ಬೇರಿಂಗಿಗೆ ತುಕ್ಕು, ಸರ್ಕ್ಯೂಟಿಗೆ ತೇವ. ಮೈದಾನದಲ್ಲೇ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಗರಾಜಿನಲ್ಲಿ ಒಂದೆರಡು ಗಂಟೆ ಬಿಟ್ಟು, ಆಮೇಲೆ ಒಳಗೆ ತನ್ನಿ, ಒಳಗೂ ಕೂಡಲೇ ತೆರೆಯಬೇಡಿ. ಲೈಪೋಗಳನ್ನು ಮಾತ್ರ ನೇರ ಒಳಗೆ ತರಬಹುದು. ಆದರೆ ಅವು ಕೋಣೆಯ ಶಾಖಕ್ಕೆ ಬರುವವರೆಗೆ ಚಾರ್ಜರಿಗೆ ಹಾಕಲೇಬಾರದು. ಶೂನ್ಯಕ್ಕಿಂತ ತಣ್ಣಗಿರುವ ಸೆಲ್ಲಿಗೆ ಚಾರ್ಜ್ ತುಂಬಿದರೆ ಲಿಥಿಯಂ ಸರಿಯಾಗಿ ಒಳಗೆ ಸೇರದೆ ಲೋಹವಾಗಿ ಮೇಲೆಯೇ ಕೂರುತ್ತದೆ, ಆ ಹಾನಿ ಮತ್ತೆ ಸರಿಹೋಗೋದಿಲ್ಲ, ಮುಂದೆ ಬೆಂಕಿಗೂ ದಾರಿ. ವಾರಗಟ್ಟಲೆ ಹಾರಿಸೋದಿಲ್ಲ ಅಂದರೆ ಸೆಲ್ಲಿಗೆ 3.8 ವೋಲ್ಟಿನಲ್ಲಿ ಇಡಿ.

ಶಿಕಾಗೋ, ಟೊರಾಂಟೋ, ಡೆಟ್ರಾಯಿಟ್ ಕಡೆ ಇರುವ ಕನ್ನಡಿಗರು ಯಾರಾದರೂ ಮೆಷಿನ್ನನ್ನು ಬೇಸ್‌ಮೆಂಟಿನಲ್ಲಿ ಮಲಗಿಸಿದ್ದರೆ, ಮೈನಸ್ 15ರಿಂದ ಶುರು ಮಾಡಬೇಡಿ. ಶೂನ್ಯದ ಆಸುಪಾಸಿನ, ಗಾಳಿಯಿಲ್ಲದ ಒಂದು ಬೆಳಿಗ್ಗೆ, ಬೆಚ್ಚಗಿನ ಬ್ಯಾಟರಿ ಒಂದೇ ಒಂದು ಒಯ್ದು, ಜೊತೆಗೆ ಯಾರನ್ನಾದರೂ ಕರೆದುಕೊಂಡು, ಬರೀ ಹೋವರ್ ಮಾಡಿ ಬನ್ನಿ. ಪಿಚ್ ಸ್ಟಿಕ್ ಎಲ್ಲಿದ್ದಾಗ ಅದು ನೆಲ ಬಿಟ್ಟಿತು ಅಂತ ಗಮನಿಸಿ, ನನಗೂ ಬರೆದು ತಿಳಿಸಿ.